ಹಸಿ ಕಡ್ಡಿಗೆ ಹತ್ತು ಮಂಕರಿ

ನೆಗಡಿ ಬಂದರೆ ನಮ್ಮ ಮನೆಯಲ್ಲಿ ಡಾಕ್ಟರ ಹತ್ತಿರ ಹೋಗುವ ಪದ್ಧತಿಯಿಲ್ಲ. ನನ್ನ ಹೆಂಡತಿ ನೀಲಗಿರಿ ಎಣ್ಣೆಯ ಶೀಶೆ ಹಿಡಿದು ಬರುತ್ತಾಳೆ. ಈ ಬೆಳಿಗ್ಗೆಯೂ ಬಂದಳು. ಕರವಸ್ತ್ರಕ್ಕೆ ಎರಡು ಹನಿ ಬಿದ್ದವೋ ಇಲ್ಲವೋ, ಲೋಕಕ್ಕೆಲ್ಲ ಮೂಗು ಬಿಡಿಸುವ ಆ ವಾಸನೆಗೆ ನನಗೆ ಸೊಂಟ ಹಿಡಿದುಕೊಂಡಿತು. ನಗಬೇಡಿ. ಇದಕ್ಕೊಂದು ಕಾರಣವಿದೆ, ಆ ಕಾರಣಕ್ಕೆ ನಲವತ್ತು ವರ್ಷ ದಾಟಿದೆ.

ಆಗ ಎಂಬತ್ತರ ದಶಕದ ಮೊದಲ ವರ್ಷಗಳು. ತಿಪಟೂರಿನಲ್ಲಿ ಬಿ.ಎಸ್ಸಿ. ಎಂಬುದನ್ನು ಎರಡು ಪ್ರಯತ್ನದಲ್ಲಿ ಮುಗಿಸಿ, ಗಿಡ ನೆಡಿಸುವ ಒಂದು ಯೋಜನೆಯಲ್ಲಿ ಹಂಗಾಮಿ ನೌಕರನಾಗಿದ್ದೆ. ಹೊನ್ನವಳ್ಳಿಯ ಆಚೆ ಒಂದು ಊರು, ಊರಿಗೊಂದು ಕೆರೆ, ಕೆರೆಯ ಮೇಲೊಂದು ಗುಡ್ಡ. ಗುಡ್ಡದ ತಂಗಡಿ, ಜಾಲಿ, ಬೇವುಗಳನ್ನೆಲ್ಲ ಸವರಿಸಿ ಮುಂಗಾರಿಗೆ ಮುಂಚೆ ನೀಲಗಿರಿ ಸಸಿ ನೆಡಿಸಬೇಕು. ನೆಡಿಸಿದರೆ ನೌಕರಿ ಕಾಯಂ, ಕಾಯಂ ಆದರೆ ಮದುವೆ. ಹೆಣ್ಣು ಗೊತ್ತಾಗಿತ್ತು. ಈಗ ಶೀಶೆ ಹಿಡಿದು ನಿಂತಿದ್ದಾಳಲ್ಲ, ಅವಳೇ. ಅವಳಪ್ಪನಿಗೆ ಹಂಗಾಮಿ ಅಳಿಯ ಬೇಡವಾಗಿತ್ತು, ಅಷ್ಟೇ.

ಮೊದಲ ದಿನ ಬೆಳಿಗ್ಗೆ ಸೈಕಲ್ಲನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ಹಲ್ಲುಜ್ಜಲೆಂದು ಗುಡ್ಡದ ಬುಡದ ಬೇವಿನಿಂದ ಒಂದು ಕಡ್ಡಿ ಮುರಿದೆ. ತಿರುಗಿದರೆ ಹನುಮಯ್ಯ ನಿಂತಿದ್ದ. ಹನುಮಯ್ಯ ಆ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂದು ಬಿಡುವವನು. ಸ್ವಂತಕ್ಕೆ ಒಂದು ತೆಂಗಿನ ಮರವೂ ಇರಲಿಲ್ಲ. ಊರಿನ ಪಟೇಲರು ಅವನನ್ನು ಜಗುಲಿಯ ಕೆಳಗೇ ನಿಲ್ಲಿಸಿ ಮಾತಾಡಿಸುತ್ತಿದ್ದರು, ಆದರೆ ನೀರಿನ ವಿಷಯದಲ್ಲಿ ಅವನು ಹೇಳಿದ್ದಕ್ಕೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

"ತಪ್ಪಾಯ್ತಲ್ಲ ಸ್ವಾಮಿ," ಅಂದ, ನನಗಿಂತ ಅವನಿಗೇ ಬೇಜಾರಾದವನ ಹಾಗೆ. "ಹತ್ತು ಮಂಕರಿ."

ಆ ಊರಿನ ಕಟ್ಟಳೆ ಅದು. ಕೆರೆಗೆ ನೀರು ಹರಿದು ಬರುವ ಗುಡ್ಡದಲ್ಲಿ ಹಸಿ ಕಡ್ಡಿ ಮುರಿದವರು, ಬತ್ತಿದ ಕೆರೆಯಂಗಳದಿಂದ ಹತ್ತು ಮಂಕರಿ ಗೋಡು ಅಗೆದು, ಊರಿನಲ್ಲಿ ಎಲ್ಲರಿಗಿಂತ ಕಡಿಮೆ ಮರ ಇರುವವರ ತೋಟಕ್ಕೆ ಹೊತ್ತು ಹಾಕಬೇಕು. ಮಂಕರಿ ಅಂದರೆ ದೊಡ್ಡ ಬುಟ್ಟಿ; ಗೋಡು ಅಂದರೆ ಕೆರೆಯ ಹೂಳು, ತೆಂಗಿಗೆ ಅದು ಹೋಳಿಗೆ ಊಟ. ಒಣ ಪುಳ್ಳೆ ಯಾರು ಬೇಕಾದರೂ ಆರಿಸಿಕೊಳ್ಳಬಹುದು. ತೋಟಕ್ಕೆ ತಂಗಡಿ ಸೊಪ್ಪು ಬೇಕಾದರೆ ಹನುಮಯ್ಯ ಹೇಳಿದ ದಿನ, ಹೇಳಿದ ಮಗ್ಗುಲಲ್ಲಿ ಕೊಯ್ಯಬೇಕು. ಪಟೇಲರ ಸ್ವಂತ ತಮ್ಮನೇ ಮಂಕರಿ ಹೊತ್ತಿದ್ದನಂತೆ.

"ನಾನು ಸರ್ಕಾರದವನು ಕಣಯ್ಯ," ಅಂದೆ.

"ಹಂಗಾರೆ ಒಸಿ ದೊಡ್ ಮಂಕರಿ ಕೊಡ್ಲಾ?"

ಹೊತ್ತೆ. ಬಿ.ಎಸ್ಸಿ.ಯಲ್ಲಿ ಹೇಳಿಕೊಡದ ಕೆಲಸ ಅದು. ಒಂಬತ್ತು ಮರದ ಒಡತಿ ಪುಟ್ಟೀರಮ್ಮ ಸೊಂಟದ ಮೇಲೆ ಕೈಯಿಟ್ಟು, "ಬುಡಕ್ಕೇ ಸುರೀಬ್ಯಾಡ ಕಣಪ್ಪ, ಸುತ್ತ ಹರವು," ಎಂದು ನನಗೆ ಸಸ್ಯಶಾಸ್ತ್ರ ಹೇಳುತ್ತಿದ್ದಳು. ಹನುಮಯ್ಯನನ್ನು ಏಕವಚನದಲ್ಲಿ ಕರೆಯುತ್ತಿದ್ದ ನನ್ನ ನಾಲಿಗೆಗೆ ಮೂರನೇ ಮಂಕರಿಯ ಹೊತ್ತಿಗೆ 'ರೀ' ಅಂಟಿಕೊಂಡಿತ್ತು. ಇನ್ನು ಮುಂದೆ ಇಲ್ಲಿಯೂ ಅವರು ಅಂತಲೇ ಬರೆಯುತ್ತೇನೆ.

"ಈ ಗೋಡೆಲ್ಲಾ ಎಲ್ಲಿಂದ ಬಂತು ಅಂದ್ಕಂಡ್ರಿ?" ಎಂದು ಅವರು ಕೆರೆಯಂಗಳದ ಆಚೆ ಬದಿ ತೋರಿಸಿದರು. "ಅಗೋ, ಆ ಬೋಳುಗುಡ್ಡದಿಂದ. ನಮ್ ಗುಡ್ಡದ ಹಳ್ಳ ಬಂದು ಸೇರೋ ಕಡೆ ನೋಡಿ, ಬರೀ ಮರಳು. ಬೇರು ಮಣ್ಣ ಹಿಡ್ಕಂತದೆ, ನೀರ ಬುಟ್ಕೊಡ್ತದೆ. ಅದ್ಸರಿ, ನಿಮ್ ಕಾಗ್ದದಲ್ಲಿ ನಮ್ ಗುಡ್ಡುಕ್ಕೆ ಏನಂತ ಬರ್ದವ್ರೆ?"

"ಖರಾಬು ಅಂತ."

"ಖರಾಬಾ? ಯಾರು ಕೆಡಿಸಿದ್ರಂತೆ?"

"ಕೆಡಿಸಿದ್ದಲ್ಲ ಕಣ್ರೀ. ಉಳೋಕೆ ಬರದೇ ಇರೋ ಜಮೀನಿಗೆ ಕಂದಾಯದವರು ಹಂಗೆ ಬರೀತಾರೆ."

ಹನುಮಯ್ಯ ನನ್ನ ಮಂಕರಿಗೆ ಇನ್ನೊಂದಿಷ್ಟು ಗೋಡು ತುಂಬಿದರು. "ನಮ್ ಪಟೇಲ್ರಿಗೂ ಉಳೋಕೆ ಬರಕಿಲ್ಲ. ಅವ್ರನ್ನೂ ಬರ್ಕಳಿ."

ನಾಲ್ಕು ದಿನದ ಮೇಲೆ ನಮ್ಮ ಯೋಜನೆಯ ಸಾಹೇಬರು ಜೀಪಿನಲ್ಲಿ ತನಿಖೆಗೆ ಬಂದರು. ಸಸಿಗಳ ಲಾರಿ ಹೊನ್ನವಳ್ಳಿಯಲ್ಲಿ ಕಾಯುತ್ತಿತ್ತು. ಸಾಹೇಬರು ಇಳಿದವರೇ ನೊಣ ಓಡಿಸಲು ಒಂದು ತಂಗಡಿ ಕೊಂಬೆಯನ್ನು ಲಟಕ್ಕನೆ ಮುರಿದರು. ಹನುಮಯ್ಯ ಕೈಮುಗಿದು, ಇದ್ದುದರಲ್ಲಿ ಚೊಕ್ಕಟವಾದ ಮಂಕರಿಯೊಂದನ್ನು ತಂದು ಅವರ ಬೂಟಿನ ಮುಂದೆ ಇಟ್ಟರು.

"ಏನಿದು?" ಎಂದು ಸಾಹೇಬರು ನನ್ನನ್ನು ಕೇಳಿದರು. "ಇಂಥ ರೂಲು ಎಲ್ಲಿ ಬರೆದಿದೆ?"

ನನ್ನ ಕಣ್ಣ ಮುಂದೆ ಭಾವೀ ಮಾವ ಬಂದು ನಿಂತರು. ಈ ಮನುಷ್ಯನಿಗೆ ತಲೆ ಸರಿಯಿಲ್ಲ ಸಾರ್ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಂದ ಬಂದದ್ದು ಬೇರೆ: "ಬರೆದಿಲ್ಲ ಸಾರ್. ನಾನೂ ಹೊತ್ತಿದೀನಿ."

ಸಾಹೇಬರು ಮಂಕರಿಯನ್ನು ದಾಟಿ ಜೀಪು ಹತ್ತಿದರು. "ಜಾಗ ಖರಾಬು, ನೆಡೋಕೆ ಯೋಗ್ಯ ಅಂತ ಸಾಯಂಕಾಲದೊಳಗೆ ರಿಪೋರ್ಟು ಕೊಡು."

ಸಾಹೇಬರ ಪಾಲಿನ ಹತ್ತು ಮಂಕರಿಯನ್ನೂ ನಾನೇ ಹೊತ್ತೆ. ಸೊಂಟ ಕಳಚಿ ಬಿತ್ತು. ಆ ಸಿಟ್ಟಿನಲ್ಲೇ ಕೂತು ಬರೆದೆ: 'ಸದರಿ ಗುಡ್ಡವು ಖರಾಬಲ್ಲ. ಇದುವರೆಗೆ ಯಾರೂ ಕೆಡಿಸಿರುವುದಿಲ್ಲ.' ಧೈರ್ಯದಿಂದ ಬರೆದೆ ಅನ್ನಬಹುದಿತ್ತು, ಆದರೆ ಅರ್ಧಕ್ಕರ್ಧ ಸೊಂಟನೋವೇ ಬರೆಸಿತು. ಸಾಹೇಬರು ಓದದೆ ಸಹಿ ಹಾಕಿದರು. ದಾಖಲೆಯಲ್ಲಿ ಖರಾಬು, ವರದಿಯಲ್ಲಿ ಖರಾಬಲ್ಲ, ಯಾವುದು ಸರಿ ಎಂದು ಮೇಲಿನ ಕಚೇರಿಗೆ ತಲೆಕೆಟ್ಟು, ಕಡತ ಸ್ಪಷ್ಟೀಕರಣಕ್ಕೆಂದು ತುಮಕೂರಿಗೆ ಹೋಯಿತು. ನನಗೆ ತಿಳಿದ ಮಟ್ಟಿಗೆ ಇನ್ನೂ ಅಲ್ಲೇ ಇದೆ. ಹನುಮಯ್ಯ ಈಗಿಲ್ಲ, ಗುಡ್ಡ ಇದೆ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಎದೆ ಉಬ್ಬಿಸಿಕೊಂಡು ತಿರುಗಬಹುದಿತ್ತು. ಲಾರಿಯಲ್ಲಿದ್ದ ಸಸಿಗಳಿಗೆ ಸ್ಪಷ್ಟೀಕರಣದ ತನಕ ಕಾಯುವಷ್ಟು ನೀರಿರಲಿಲ್ಲ. ತುರುವೇಕೆರೆ ಕಡೆಯ ಇನ್ನೊಂದು ಊರಿಗೆ ಹೋದವು. ಅಲ್ಲಿಯೂ ಕೆರೆಯ ಮೇಲೆ ಅಂಥದೇ ಗುಡ್ಡ, ಅದೇ ತಂಗಡಿ. ಅಲ್ಲಿನ ನೀರುಗಂಟಿ ತೀರಿಕೊಂಡಿದ್ದ; ಬೋರ್‌ವೆಲ್ ಬಂತಲ್ಲ, ಇನ್ಯಾಕೆ ಎಂದು ಊರವರು ಬೇರೆಯವನನ್ನು ನೇಮಿಸಿರಲಿಲ್ಲ. ನಾನೇ ನಿಂತು ಗುಡ್ಡ ಸವರಿಸಿದೆ, ನಾನೇ ನೀಲಗಿರಿ ನೆಡಿಸಿದೆ. ಯಾರಾದರೂ ಒಂದು ಮಂಕರಿ ತಂದು ನನ್ನ ಮುಂದೆ ಇಡಬಾರದೇ ಎಂದು ಮೂರು ದಿನ ದಾರಿ ನೋಡಿದೆ. ಯಾರೂ ಇಡಲಿಲ್ಲ. ನೌಕರಿ ಕಾಯಂ ಆಯಿತು, ಮದುವೆಯೂ ಆಯಿತು. ಆ ಊರಿನ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಈ ಎಣ್ಣೆಯದೇ ವಾಸನೆ ಬರುತ್ತದೆ. ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುತ್ತೇನೆ. ನಾಚಿಕೆಯಾಗುತ್ತದೆ.

ಆ ಊರವರು ಈಗ ತಾವೇ ಸೇರಿಕೊಂಡು ಕೆರೆಯ ಹೂಳೆತ್ತುತ್ತಿದ್ದಾರೆ ಎಂದು ನಿನ್ನೆ ಕ್ಷೌರದಂಗಡಿಯಲ್ಲಿ ಕೇಳಿದೆ. ಒಂದು ಹಸಿ ಕಡ್ಡಿಗೆ ಹತ್ತು ಮಂಕರಿಯಾದರೆ ಒಂದು ಗುಡ್ಡಕ್ಕೆ ಎಷ್ಟು? ಲೆಕ್ಕದಲ್ಲಿ ನಾನು ಯಾವತ್ತೂ ಹಿಂದೆ. ಕರವಸ್ತ್ರ ಪಕ್ಕಕ್ಕಿಟ್ಟು ಚಪ್ಪಲಿ ಹುಡುಕಿದೆ.

"ನೆಗಡಿ ಇಟ್ಕೊಂಡು ಎಲ್ಲಿಗ್ರೀ?" ಅಂದಳು ಹೆಂಡತಿ.

"ಮಂಕರಿ ಹೊರೋಕೆ."

"ಈ ವಯಸ್ಸಲ್ಲಿ ಎಷ್ಟು ಹೊರ್ತೀರಾ?"

"ಒಂದಾದ್ರೂ ಹೊರ್ತೀನಿ ಕಣೇ."

ಕಥೆ ಅವಳಿಗೂ ಗೊತ್ತು. ಶೀಶೆಯ ಮುಚ್ಚಳ ಬಿಗಿದು, "ಹಂಗಾರೆ ಎರಡು ಮಂಕರಿ ತಗೊಳ್ಳಿ, ನಾನೂ ಬತ್ತೀನಿ," ಅಂದಳು. "ಮದ್ವೆ ಆಗಿದ್ದು ನೀವೊಬ್ರೇ ಅಲ್ವಲ್ಲ."