ಗಂಡನನ್ನು ಚಹಾಕ್ಕೆ ಕಳಿಸುತ್ತಿದ್ದ ಕಾಕು

ಎಲ್ಲರೂ ಚಿಕ್ಕಮ್ಮನೆಂಬಂತೆ ‘ಕಾಕು’ ಅನ್ನುತ್ತಿದ್ದ ಬೆಳಗಾವಿಯ ಹೆಂಗಸೊಬ್ಬರು ಗೋವಾದ ವಾಸ್ಕೋದಲ್ಲಿ ಒಳಉಡುಪಿನ ಅಂಗಡಿ ಇಟ್ಟಿದ್ದರು. ಹೆಣ್ಣುಮಗಳೊಬ್ಬಳು ಹೊಸ್ತಿಲು ದಾಟಿದರೆ ಸಾಕು, ಗಂಡನಿಗೆ ಹೇಳುತ್ತಿದ್ದರು: “ರೀ, ಚಹಾ ಕುಡದು ಬರ್ರಿ.”

ನಾನು ಹೋದಾಗಲೂ ಅದೇ ಮಾತು.

“ಈಗಷ್ಟ ಕುಡದು ಬಂದೇನಲ್ಲ!” ಅಂದರು ಅವರು.

“ಇನ್ನೊಂದು ಕುಡೀರಿ.”

ಎದೆಯ ಭಾರಕ್ಕೆ ನಾಚಿ ನಾನು ಯೋಗದ ತರಗತಿಯಲ್ಲಿ ದುಪಟ್ಟಾ ಬಿಗಿದುಕೊಂಡು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದೆ. ಯೋಗವನ್ನೇ ಬಿಟ್ಟುಬಿಡುವ ಯೋಚನೆಯಿತ್ತು. ಕಾಕುವಿಗೆ ಅಷ್ಟನ್ನು ಹೇಳಲು ಬಹಳ ಹೊತ್ತು ಹಿಡಿಯಿತು.

“ಹುಚ್ಚಿ, ಅದಕ್ಕ ಯಾರರ ಯೋಗ ಬಿಡತಾರೇನ?”

ಆಗಷ್ಟೇ ಬರತೊಡಗಿದ್ದ ಸ್ಪೋರ್ಟ್ಸ್ ಬ್ರಾಗಳನ್ನು ಒಂದೊಂದಾಗಿ ಕೊಟ್ಟರು. ಕನ್ನಡಿ ನೋಡಲು ಬಿಡಲಿಲ್ಲ. “ಬಗ್ಗಿ ನೋಡು, ಆಮ್ಯಾಲೆ ಹೇಳು,” ಎಂದು ತಾವೂ ಸೆರಗು ಸಿಕ್ಕಿಸಿ, ಪರದೆಯೊಳಗೆ ನನ್ನ ಪಕ್ಕದಲ್ಲೇ ಕೈ ಎತ್ತಿ ಬಗ್ಗಿದರು. ಒಂದರ ಪಟ್ಟಿ ಭುಜವನ್ನು ಕೊರೆಯಿತು, ಇನ್ನೊಂದು ಬ್ರಾ ಬಗ್ಗಿದಾಗ ಮೇಲೇರಿತು.

“ಭಾರ ಹೆಗಲಿಗೆ ಬೀಳಬಾರದವಾ, ಕೆಳಗಿನ ಪಟ್ಟಿ ಹೊರಬೇಕು.”

ಅಗಲ ಪಟ್ಟಿಯದೊಂದನ್ನು ಹುಡುಕಿ ತಂದರು. ಬಗ್ಗಿದೆ. ಅದು ಕದಲಲಿಲ್ಲ, ಉಸಿರಾಟವೂ ಸರಾಗವಾಗಿತ್ತು. ಇಬ್ಬರೂ ನಕ್ಕೆವು.

“ಬರಲೇನ?” ಹೊರಗಿನಿಂದ ಗಂಡ ಕೂಗಿದರು.

“ಇನ್ನೊಂದು ಕುಡೀರಿ!”

ಮರುದಿನ ದುಪಟ್ಟಾವನ್ನು ಮನೆಯಲ್ಲೇ ಬಿಟ್ಟು ಮುಂದಿನ ಸಾಲಿನಲ್ಲಿ ನಿಂತೆ. ಸಂಜೆ ಆ ದಾರಿಯಲ್ಲಿ ಬರುವಾಗ ಕಾಕುವಿನ ಗಂಡ ಮತ್ತೆ ಚಹಾದಂಗಡಿಯಲ್ಲಿ ಕೂತಿದ್ದರು. ಕಾಕುವಿನ ಅಂಗಡಿಯೊಳಗೆ ಇನ್ಯಾರೋ ನನ್ನಂತೆ ಬಗ್ಗಿ ನೋಡುತ್ತಿದ್ದಾರೆ ಅಂದುಕೊಂಡು ಖುಷಿಪಟ್ಟೆ.