ಸುಡದ ಬಟ್ಟೆಗೆ ಹಾಕಿದ ಗಂಜಿ

ಮೊಮ್ಮಗಳು ರಜೆಗೆ ಬಂದಾಗ ತಂದಿದ್ದ ಹಸಿರು ಚೀಲವನ್ನು ಬಿಚ್ಚಿದವಳು ನಾನೇ. ಬಿಚ್ಚಿದ ಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಬೆವರು, ಎಣ್ಣೆ, ಹಳೇ ರಬ್ಬರು, ಒಣಗುವ ಮೊದಲೇ ಮಡಚಿಟ್ಟ ಬಟ್ಟೆ, ಎಲ್ಲ ಸೇರಿ ಕೊಳೆತ ವಾಸನೆ. ಅವಳದ್ದೇ ಬೆವರಾಗಿದ್ದರೆ ನನಗೇನೂ ಅನಿಸುತ್ತಿರಲಿಲ್ಲ. ಕೂಸಾಗಿದ್ದಾಗ ಅವಳದ್ದೆಲ್ಲ ಬಳಿದವಳು ನಾನು. ಆದರೆ ಇದು ಅವಳದ್ದಲ್ಲ, ಯಾರು ಯಾರದ್ದೋ.

ಅವಳು ಸೈನ್ಯದಲ್ಲಿ ಹೆಲಿಕಾಪ್ಟರ್ ಓಡಿಸುವುದನ್ನು ಕಲಿಯುತ್ತಿದ್ದಳು. ಕೆಜಿಎಫ್‌ನಲ್ಲಿ ನಮ್ಮ ಬೀದಿಗೆಲ್ಲ ಅದು ದೊಡ್ಡ ಸುದ್ದಿ. ಬಂಗಾರಪೇಟೆಯಲ್ಲಿ ರೈಲಿಳಿದರೆ ಆಟೋದವನು ಸೆಲ್ಯೂಟ್ ಹೊಡೆಯುತ್ತಾನೆ. ಸೆಲ್ಯೂಟ್ ಹೊಡೆದವರಲ್ಲಿ ಒಬ್ಬರೂ ಅವಳ ಚೀಲದೊಳಗೆ ಮೂಗಿಟ್ಟು ನೋಡಿದವರಲ್ಲ.

ಹಾರುವಾಗ ತೊಡುವುದಂತೆ, ಕತ್ತಿನಿಂದ ಕಾಲಿನವರೆಗೆ ಒಂದೇ ಬಟ್ಟೆ, ನಡುವೆ ಜಿಪ್ಪು. ಗಂಡಸಿನ ಅಳತೆಯದು. ತೋಳನ್ನು ಎರಡು ಮಡಿಕೆ ಮಡಚಿ ಹೊಲಿದುಕೊಂಡಿದ್ದಳು. ಎದೆಯ ಮೇಲೆ ಹೆಸರಿನ ಪಟ್ಟಿ ಹೊಲಿದು ಬಿಚ್ಚಿ, ಮತ್ತೆ ಹೊಲಿದು ಬಿಚ್ಚಿ, ಸೂಜಿಯ ತೂತುಗಳು ಜರಡಿಯ ಹಾಗೆ ಕಾಣುತ್ತಿದ್ದವು. ಹೆಲ್ಮೆಟ್ಟಿನ ಒಳಗಿನ ಸ್ಪಂಜು ಕರ್ರಗೆ ಜಿಡ್ಡುಗಟ್ಟಿ, ಅದರಲ್ಲೊಂದು ನರೆಗೂದಲು ಅಂಟಿಕೊಂಡಿತ್ತು. ಇಪ್ಪತ್ತು ದಾಟಿದ ಹುಡುಗಿಗೆ ಯಾವ ಮುದುಕನ ಕೂದಲೋ. ಎರಡು ಬೆರಳಲ್ಲಿ ಹಿಡಿದು ಕೆಳಗಿಟ್ಟೆ.

ಹೆಲಿಕಾಪ್ಟರ್ ಹೇಗಿದೆ ಎಂದು ಕೇಳಿದೆ. ಫೋನಿನಲ್ಲಿ ತೋರಿಸಿದಳು. ಸೀಟಿನ ಹೊದಿಕೆ ಹರಿದು ತೇಪೆ ಹಾಕಿದ್ದರು, ಗಾಜು ಹಳದಿಯಾಗಿತ್ತು. ಅವಳ ಅಪ್ಪ ಹುಟ್ಟುವ ಮೊದಲೇ ಇಂಥವು ಹಾರುತ್ತಿದ್ದವಂತೆ. ಹೊಸವು ಬರುತ್ತವೆ, ಅವುಗಳ ಜೊತೆಗೆ ಹೊಸ ಬಟ್ಟೆ, ಹೊಸ ಹೆಲ್ಮೆಟ್ಟು ಎಲ್ಲ ಬರುತ್ತವೆ ಎಂದು ಹೇಳಿದ್ದಾರಂತೆ. ಇವಳಿಗಿಂತ ಮೊದಲು ಕಲಿತು ಹೋದವರಿಗೂ ಹಾಗೇ ಹೇಳಿದ್ದರಂತೆ. ಸೋಮವಾರ ಅವಳು ಪಕ್ಕದಲ್ಲಿ ಕಲಿಸುವವರಿಲ್ಲದೆ ಮೊದಲ ಸಲ ಒಬ್ಬಳೇ ಮೇಲೆ ಹೋಗಬೇಕಿತ್ತು, ಅದೇ ಬಟ್ಟೆ ತೊಟ್ಟು, ಅದೇ ಹಳೇ ಯಂತ್ರದಲ್ಲಿ ಕೂತು.

ನನ್ನ ಮಗ, ಅವಳ ಅಪ್ಪ, ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಕಬ್ಬಿಣದ ಮೇಲೆ ಅವನಿಗೆ ದೇವರಿಗಿಂತ ನಂಬಿಕೆ ಜಾಸ್ತಿ. "ಚೆಕ್ ಮಾಡ್ದೆ ಬಿಡಲ್ಲ ಕಣವ್ವ," ಅಂದ. "ಅಳೇದಾದ್ರೂ ಗಟ್ಟಿಯಾಗೈತೆ."

"ಗಟ್ಟಿಯಾಗಿದ್ರೆ ಆ ಎಲ್ಮೆಟ್ನ ನಿನ್ ತಲೆಗೆ ಆಕ್ಕೊಳ್ಳಲಾ," ಅಂದೆ. ಅವನು ಹಾಕಿಕೊಳ್ಳಲಿಲ್ಲ.

ಈ ಹೇಸಿಗೆ ನನಗೆ ಹೊಸದೇನಲ್ಲ. ನಾವು ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಯಲ್ಲಿದ್ದಾಗ ನನ್ನ ಗಂಡ ಒಬ್ಬ ಗುತ್ತಿಗೆದಾರನ ಕೈಕೆಳಗೆ ಭೂಮಿಯೊಳಗೆ ಇಳಿಯುತ್ತಿದ್ದ. ಮೊದಲ ದಿನ ಅವನಿಗೆ ಕೊಟ್ಟ ಟೋಪಿಯ ಒಳಪಟ್ಟಿ ಇನ್ನೂ ಒದ್ದೆಯಾಗಿತ್ತಂತೆ. ಹಿಂದಿನ ಪಾಳಿಯವನು ಆಗ ತಾನೇ ತೆಗೆದಿಟ್ಟು ಹೋಗಿದ್ದ. ಕೆಲವೇ ದಿನಕ್ಕೆ ಇವನ ತಲೆಯೆಲ್ಲ ಹುಣ್ಣು. ಬೇವಿನೆಣ್ಣೆ ಹಚ್ಚಿದವಳು ನಾನು. ಹೊಸದು ಕೊಡಿ ಎಂದರೆ, ಟೋಪಿ ಒಡೆದಿದೆಯಾ ಎಂದು ಕೇಳಿದನಂತೆ ಆ ಗುತ್ತಿಗೆದಾರ. ಟೋಪಿ ಒಡೆಯುವ ಹೊತ್ತಿಗೆ ಅದರೊಳಗಿನ ತಲೆ ಏನಾಗಿರುತ್ತದೆ ಎಂದು ಅವನನ್ನು ಕೇಳುವವರು ಯಾರೂ ಇರಲಿಲ್ಲ.

ಮರುದಿನ ಅಪ್ಪ ಮಗಳು ಕಾಮಸಮುದ್ರದ ನೆಂಟರ ಮನೆಗೆ ಬಸ್ಸು ಹತ್ತಿದರು. ನಾನು ಆ ಬಟ್ಟೆಯನ್ನು ಹಿತ್ತಲಿಗೆ ತಂದು ಹಂಡೆಗೆ ಹಾಕಿ ಸೋಡಾಪುಡಿಯಲ್ಲಿ ಕುದಿಸಿದೆ. ಕೋಲಲ್ಲಿ ಎತ್ತಿದರೆ ನೀರು ಕಾಫಿಯ ಬಣ್ಣ. ಪಕ್ಕದ ಮನೆಯ ತಮಿಳಿನವಳು ಗೋಡೆಯ ಮೇಲಿಂದ ಬಗ್ಗಿ ನೋಡಿದಳು.

"ಏನ್ ಪಾಟಿ, ಎಣಗಿಣ ತೊಳೀತಿದ್ದೀಯಾ, ಈ ನಾತ?"

"ಎಣಕ್ಕಾದ್ರೆ ಒಸಾ ಬಟ್ಟೆ ಆಕ್ತಾರೆ ಕಣಮ್ಮ," ಅಂದೆ. ಅವಳು ನಗಲಿಲ್ಲ.

ಕಲ್ಲಿಗೆ ಬಡಿದೆ, ಹಿಂಡಿದೆ. ಕೊನೆಗೆ ಬೆಳಗಿನ ಅನ್ನ ಬಸಿದ ಗಂಜಿಯನ್ನು ತೆಳ್ಳಗೆ ಮಾಡಿ ಅದ್ದಿ ಬಿಸಿಲಿಗೆ ಹಾಕಿದೆ. ಗಂಡನ ಖಾಕಿಗೂ ಮಗನ ಯೂನಿಫಾರ್ಮಿಗೂ ನಾನು ಗಂಜಿ ಹಾಕದೆ ಕಳಿಸಿದವಳಲ್ಲ. ಈ ಬೀದಿಯಲ್ಲಿ ಕೆಲಸಕ್ಕೆ ಹೋಗುವವರ ಬಟ್ಟೆ ಸೊಟ್ಟಗೆ ಜೋತುಬಿದ್ದರೆ ಮನೆಯ ಹೆಂಗಸಿಗೆ ಮರ್ಯಾದೆ ಇಲ್ಲ. ಒಣಗಿದ ಮೇಲೆ ಇಸ್ತ್ರಿ ಎಳೆದೆ. ಕಾಲಿನ ಗೀರು ಕತ್ತಿಯ ಹಾಗೆ ನಿಂತಿತು. ವಾಸನೆಯೂ ಇಲ್ಲ. ಅವಳು ಬಂದು ನೋಡಲಿ ಎಂದು ಬಾಗಿಲಿಗೇ ನೇತುಹಾಕಿದೆ.

ಮರುದಿನ ಬೆಳಿಗ್ಗೆ ಬಂದಳು, ಮುಟ್ಟಿದಳು, ಎರಡು ಬೆರಳಲ್ಲಿ ಹಿಡಿದು ಸರಸರ ಉಜ್ಜಿದಳು.

"ಅಜ್ಜಿ, ಗಂಜಿ ಆಕಿದ್ಯಾ?"

ಹಾಕಿದೆ ಅಂದೆ. ಅವಳು ಬಾಗಿಲ ಹೊಸ್ತಿಲಲ್ಲೇ ಕೂತು ವಿವರಿಸಿದಳು. ಅದು ಬೆಂಕಿ ಹತ್ತಿಕೊಳ್ಳದ ನೂಲಿನ ಬಟ್ಟೆಯಂತೆ. ಯಂತ್ರ ಬಿದ್ದು ಎಣ್ಣೆ ಚೆಲ್ಲಿ ಹೊತ್ತಿಕೊಂಡರೆ, ಬೆಲ್ಟು ಬಿಚ್ಚಿ ಹೊರಗೆ ಓಡುವಷ್ಟು ಹೊತ್ತು ಅದು ಮೈಯನ್ನು ಕಾಯುತ್ತದಂತೆ. ಗಂಜಿ ಎಂದರೆ ಅಕ್ಕಿ, ಅಕ್ಕಿ ಉರಿಯುತ್ತದೆ. ನಾನು ಅವಳ ಮೈಮೇಲೆ ಉರಿಯುವ ಪದರವೊಂದನ್ನು ಬಳಿದು ಇಸ್ತ್ರಿ ಬೇರೆ ಮಾಡಿದ್ದೆ.

ಬೇರೆ ಇಸಕೊಳ್ಳಲು ಆಗುವುದಿಲ್ಲವಾ ಎಂದರೆ, ಉಗ್ರಾಣದಲ್ಲಿ ಇರುವುದರಲ್ಲೆಲ್ಲ ಚಿಕ್ಕದು ಇದೇ, ಉಳಿದವುಗಳಲ್ಲಿ ಕೈ ಕಾಲು ಸಿಕ್ಕಿಕೊಳ್ಳುತ್ತವೆ ಅಂದಳು. ಸೋಮವಾರ ಹೋಗದಿದ್ದರೆ ಹಿಂದಿನಿಂದ ಬರುವ ತಂಡಕ್ಕೆ ತಳ್ಳುತ್ತಾರೆ. ಗಟ್ಟಿಯಾಗೈತೆ ಎಂದಿದ್ದ ನನ್ನ ಮಗ ಈಗ, ಬೇಡ, ಹೋಗಬೇಡ ಎಂದು ಶುರು ಮಾಡಿದ. ಬಟ್ಟೆಯ ಮಾತು ಬಂದ ಮೇಲೆ ಅವನಿಗೆ ಯಂತ್ರದ ವಯಸ್ಸೂ ನೆನಪಾಯಿತು ಅಂತ ಕಾಣುತ್ತದೆ.

"ಇದನ್ನ ಆಕ್ಕೊಂಡೇ ಓಗ್ತೀಯಾ?" ಎಂದು ಕೇಳಿದೆ.

"ಗಂಜಿ ಓದ್ರೆ ಓಗ್ತೀನಿ. ಓಗ್ದಿದ್ರೆ ಇಲ್ಲ."

ಬೇತಮಂಗಲದ ಕೆರೆಯ ನಲ್ಲಿನೀರು ನಮ್ಮ ಬೀದಿಗೆ ಇನ್ನೂ ಬಿಟ್ಟಿರಲಿಲ್ಲ. ಬೋರಿನ ನೀರು ಬಟ್ಟೆಯ ಮೇಲೆ ಬಿಳಿ ಸುಣ್ಣ ಬಿಟ್ಟುಹೋಗುತ್ತದೆ. ಕುಡಿಯಲು ತುಂಬಿಟ್ಟಿದ್ದ ಡ್ರಮ್ಮನ್ನು ಬಗ್ಗಿಸಿದೆವು. ಬಿಸಿನೀರಲ್ಲಿ ನೆನೆಸುವುದು, ತುಳಿಯುವುದು, ಹಿಂಡುವುದು. ಅವಳು ಅಪ್ಪನನ್ನು ಔಷಧಿ ಅಂಗಡಿಗೆ ಕಳಿಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ತರಿಸಿದಳು. ಹಿಂಡಿದ ನೀರಿಗೆ ಒಂದು ತೊಟ್ಟು ಬಿಟ್ಟಳು. ನೀರು ನೀಲಿಗಪ್ಪಾಯಿತು. ಗಂಜಿ ಇನ್ನೂ ಇದೆ ಎಂದು ಅರ್ಥವಂತೆ, ಶಾಲೆಯಲ್ಲಿ ಕಲಿತದ್ದು. ಮತ್ತೆ ತುಳಿದೆವು. ಮತ್ತೆ ನೀಲಿ. ನಮ್ಮ ಡ್ರಮ್ಮು ಖಾಲಿಯಾದಾಗ ಪಕ್ಕದವಳು ಕೇಳದೆಯೇ ತನ್ನ ಬಿಂದಿಗೆಗಳನ್ನು ಗೋಡೆಯ ಮೇಲಿಟ್ಟಳು. ಸಂಜೆಯ ಹೊತ್ತಿಗೆ ತೊಟ್ಟು ಬಿಟ್ಟರೂ ನೀರು ಕಂದಾಗಿಯೇ ಉಳಿಯಿತು. ಕಾಲಿನ ಅಂಚಿನ ಒಳಮಡಿಕೆಗೂ ಒಂದು ತೊಟ್ಟು ಹಾಕಿ ನೋಡಿದಳು. ಅಲ್ಲಿಯೂ ಕಂದು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಬಟ್ಟೆ ಒಣಗಿತು. ಎತ್ತಿ ಮೂಸಿದೆ. ಗಂಜಿಯೇನೋ ಹೋಗಿತ್ತು. ಅದು ಅಷ್ಟು ಹೊತ್ತು ಅದುಮಿ ಹಿಡಿದಿದ್ದ ನಾತ ಮತ್ತೆ ಎದ್ದು ಬಂದಿತ್ತು. ಅಷ್ಟು ಜನರ ಬೆವರು ನೂಲಿನೊಳಗೇ ಮನೆ ಮಾಡಿತ್ತು. ಅದನ್ನೇ ಮಡಚಿ ಚೀಲಕ್ಕೆ ಹಾಕಿಕೊಂಡು ಅವಳು ಬಂಗಾರಪೇಟೆಯಲ್ಲಿ ರೈಲು ಹತ್ತಿದಳು.

ಸೋಮವಾರ ನಾನು ಒಲೆ ಹಚ್ಚಲಿಲ್ಲ. ಹರಕೆ ಅಲ್ಲ ಏನಲ್ಲ, ಬೆಂಕಿ ನೋಡಲು ಮನಸ್ಸಿರಲಿಲ್ಲ. ಮಧ್ಯಾಹ್ನ ಫೋನು ಬಂತು. "ಇಳಿದೆ ಅಜ್ಜಿ," ಅಂದಳು. ನಾನು ಫೋನನ್ನು ಮಗನ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ.

ಆಮೇಲೆ ಹೊಸ ಹೆಲಿಕಾಪ್ಟರುಗಳು ನಿಜವಾಗಿಯೂ ಬಂದವು. ಮುಂದಿನ ರಜೆಗೆ ಬಂದಾಗ ಅವಳ ಚೀಲದಲ್ಲಿ ಹೊಸ ಬಟ್ಟೆ, ಅವಳದೇ ಅಳತೆಯದು, ಕವರು ಕೂಡ ಬಿಚ್ಚಿರಲಿಲ್ಲ. ನಮ್ಮಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ತೊಡುವುದಿಲ್ಲ. ಅದಕ್ಕೆಂದೇ ತಂದಿದ್ದಳು. ನಾನು ಕೈ ಹಿಂದೆ ಕಟ್ಟಿಕೊಂಡು, ಇದು ಉರಿಯುತ್ತದಾ ಎಂದು ಮೊದಲು ಕೇಳಿದೆ. ಒಂದು ಚುಕ್ಕೆಗೆ ಏನೂ ಆಗುವುದಿಲ್ಲ ಅಂದಳು. ಕಾಲಿನ ಒಳಮಡಿಕೆಗೆ ಸಾಸಿವೆಯಷ್ಟು ಇಟ್ಟೆ.

ಫೋನಿನಲ್ಲಿ ಹಳೇ ಹೆಲಿಕಾಪ್ಟರಿನದೊಂದು ಚಿತ್ರ ತೋರಿಸಿದಳು. ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿ, ಮಿರಮಿರ ಬಣ್ಣ ಬಳಿದು, ಹೂವಿನ ಹಾರ ಹಾಕಿದ್ದರು. ಒಳಗೆ ಇವಳಂಥ ಮಕ್ಕಳು ಕೂತು ಹಾರುತ್ತಿದ್ದಾಗ ಹರಿದ ಸೀಟಿಗೊಂದು ಹೊಸ ಹೊದಿಕೆ ಹೊಲಿಸಲಿಲ್ಲ. ಯಾರೂ ಕೂರದ ಮೇಲೆ ಸಿಂಗಾರ. ಥೂ ಅಂದೆ.

ನಿನ್ನ ಹಳೇ ಬಟ್ಟೆ ಸುಟ್ಟರಾ ಎಂದು ಕೇಳಿದೆ. ಇಲ್ಲ ಅಂದಳು. ಹೊಸವು ಎಲ್ಲರಿಗೂ ಸಾಲಲಿಲ್ಲವಂತೆ. ಇವಳ ನಂತರ ಕಲಿಯಲು ಬಂದ ತಂಡದಲ್ಲಿ ಇವಳಷ್ಟೇ ಸಣ್ಣ ಮೈಯ ಹುಡುಗಿಯೊಬ್ಬಳಿದ್ದಾಳೆ, ಸದ್ಯಕ್ಕೆ ಅವಳಿಗೆ ಕೊಟ್ಟಿದ್ದಾರಂತೆ.

"ಆ ಉಡುಗಿಗೆ ಮನೇಲಿ ಅಜ್ಜಿ ಅವ್ಳಾ?"

"ಗೊತ್ತಿಲ್ಲ ಅಜ್ಜಿ. ಯಾಕೆ?"

"ಫೋನ್ ಮಾಡೇ ಈಗ್ಲೇ. ನಾತ ಬಂದ್ರೂ ಗಂಜಿ ಆಕ್ಬೇಡಿ ಅಂತ ಏಳು."