ಅಕ್ಕ ಹೂಂ ಅಂದದ್ದು

ಕಳೆದ ವಾರ ಖಾನಾಪುರದಲ್ಲಿ ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದೆ. ಬುಟ್ಟಿಯ ತಳದಲ್ಲಿ ಹಸಿರು ಬೂಷ್ಟು ಹಿಡಿದ ರೊಟ್ಟಿಯೊಂದು ಸಿಕ್ಕಿತು. ಅಕ್ಕ ಮೂಗಿಗೆ ಸೆರಗು ಒತ್ತಿಕೊಂಡು ಅದನ್ನು ಹೊರಗೆಸೆದು ಬಂದು, ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆದಳು. ನಿಮಗಿದು ಅತಿ ಎನಿಸಬಹುದು. ನನಗೆ ಎನಿಸಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಪೀರನವಾಡಿಯಲ್ಲಿ ಬ್ಲೌಸು ಹೊಲಿದು ಬದುಕುತ್ತಿದ್ದ ಅಕ್ಕನಿಗೆ ರಕ್ತದ ಕ್ಯಾನ್ಸರ್ ಬಂತು. ಬೆಳಗಾವಿಯ ಆಸ್ಪತ್ರೆಯಲ್ಲಿ ಮೊದಲ ಸುತ್ತಿನ ಔಷಧಕ್ಕೆ ರೋಗವೇನೋ ತಗ್ಗಿತು, ಜ್ವರ ಮಾತ್ರ ಬಿಡಲಿಲ್ಲ. ರೋಗ ಮರಳದಿರಬೇಕಾದರೆ ಮುಂಬೈಗೆ ಹೋಗಿ ಮಜ್ಜೆಯ ಕಸಿ ಮಾಡಿಸಬೇಕಿತ್ತು. ಹೊಂದಿದ್ದು ನನ್ನ ಮಜ್ಜೆ. ಸೂಜಿ ಕಂಡರೆ ಕಣ್ಣು ಕತ್ತಲಿಡುವ ಶೂರನದು!

"ನಿಮ್ಮದು ಹೊಂದೈತ್ರಿ," ಎಂದರು ಬೆಳಗಾವಿಯ ಡಾಕ್ಟರಬಾಯಿ. "ಆದ್ರ ಆಕಿ ಪುಪ್ಪಸದಾಗ ಬೂಷ್ಟು ಬೆಳದೈತಿ. ಕಸಿ ಮಾಡೂಮುಂದ ಮೈಯಾಗ ತಡಕೊಳ್ಳೂ ಶಕ್ತೀನ ಇರೂದಿಲ್ಲ. ಬೂಷ್ಟು ಆಕೀನ್ನ ನುಂಗಿಬಿಡ್ತೈತಿ."

ಕರಿ ಕಾಗದ ಸುತ್ತಿದ ಬಾಟಲಿಯಿಂದ ಬೂಷ್ಟು ಕೊಲ್ಲುವ ಹಳದಿ ಔಷಧ ದಿನವೂ ಗಂಟೆಗಟ್ಟಲೆ ಇಳಿಯುತ್ತಿತ್ತು. ಶುರುವಾದ ಸ್ವಲ್ಪ ಹೊತ್ತಿಗೆ ಅಕ್ಕ ನಡುಗತೊಡಗುವಳು. ಮೂರು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು. ನಾನು ಅವಳ ಪಾದ ಗಟ್ಟಿಯಾಗಿ ಹಿಡಿದು, ಜಾಂಬೋಟಿಯ ನಮ್ಮ ಮನೆಯ ಎಮ್ಮೆಗಳ ಹೆಸರು ಹೇಳಿಸುತ್ತಿದ್ದೆ. ಮೂರನೆಯ ಎಮ್ಮೆಗೆ ಬರುವಷ್ಟರಲ್ಲಿ ಹಲ್ಲು ಕಟಕಟ.

"ಸಾಕೋ ತಮ್ಮಾ, ಬಂದ್ ಮಾಡಸು."

"ಇವತ್ತೊಂದ ದಿನ ಅಕ್ಕಾ."

ಆ ಒಂದು ದಿನವನ್ನು ನಾನು ಐದು ವಾರ ಹೇಳಿದೆ.

ಕೊನೆಗೆ ಆ ಔಷಧಕ್ಕೆ ಕಿಡ್ನಿ ಸೋಲತೊಡಗಿತು. ಬಾಟಲಿ ನಿಲ್ಲಿಸಿ ಗುಳಿಗೆ ಕೊಟ್ಟರು. ಸ್ಕ್ಯಾನಿನಲ್ಲಿ ಬೂಷ್ಟಿನ ಕಲೆ ಕುಗ್ಗಿತ್ತು, ಹೋಗಿರಲಿಲ್ಲ. ಕಾದರೆ ಕ್ಯಾನ್ಸರ್ ಮರಳಬಹುದು, ಕಸಿಗೆ ಹೋದರೆ ಬೂಷ್ಟು ಕೆರಳಬಹುದು. ಡಾಕ್ಟರಬಾಯಿ ಅಕ್ಕನನ್ನೇ ಕೇಳಿದರು.

"ಹೂಂ, ಹೋಗೂಣ್ರಿ," ಎಂದಳು.

ಮುಂಬೈಯಲ್ಲಿ ನನ್ನ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ಅವಳಿಗೆ ಕೊಟ್ಟರು. ಆಮೇಲೆ ಸೋಂಕು ತಾಗಬಾರದೆಂದು ಗಾಜಿನಾಚೆ ಅಕ್ಕ, ಈಚೆ ನಾನು. ಹನ್ನೊಂದನೆಯ ದಿನ ಜ್ವರ ಏರಿತು, ಕೆಮ್ಮಿನಲ್ಲಿ ರಕ್ತ ಕಂಡಿತು. ಕಿಡ್ನಿಗೆ ಅಂಜುತ್ತಲೇ ಮತ್ತೆ ಅದೇ ಹಳದಿ ಔಷಧ ಶುರು ಮಾಡಿದರು. ಗಾಜಿನಾಚೆ ಅವಳು ನಡುಗುವುದು ಕಾಣುತ್ತಿತ್ತು, ಪಾದ ಹಿಡಿಯುವಂತಿರಲಿಲ್ಲ. ಹತ್ತೊಂಬತ್ತನೆಯ ದಿನ ನನ್ನ ಮಜ್ಜೆ ಅವಳೊಳಗೆ ಬೇರೂರಿ ಬಿಳಿ ರಕ್ತಕಣ ಏರಿದವು. ಜ್ವರ ನಿಧಾನಕ್ಕೆ ಇಳಿಯಿತು.

ಅಕ್ಕನ ಧೈರ್ಯದ ಈ ಕಥೆಯನ್ನು ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೋ! ಕಳೆದ ವಾರವೂ ಅವಳೆದುರೇ ಶುರು ಮಾಡಿದೆ. ಅಕ್ಕ ತಡೆದಳು.

"ಧೈರ್ಯ ಅಲ್ಲೋ ಅದು. ಬದುಕಬೇಕಂತ ಹೂಂ ಅನ್ನಲಿಲ್ಲ ನಾ. ಕಾದ್ರ ಮತ್ತ ಆ ಬಾಟಲಿ ಹಚ್ತಾರಂತ ಅಂಜಿ, ಏನರ ಆಗ್ಲಿ, ಆ ನಡುಕ ಮುಗೀಲಿ ಅಂತ ಅಂದೆ. ಸಾಕಂದ್ರೂ ನೀ ಬಿಡಲೇ ಇಲ್ಲಲ್ಲ."

"ತಪ್ಪಾತೇನ ಅಕ್ಕಾ?"

ಅವಳು ಒಲೆಯ ಕಡೆ ತಿರುಗಿ, "ಗೊತ್ತಿಲ್ಲೋ. ಕುಂದರು, ಚಹಾ ಮಾಡ್ತೀನಿ," ಎಂದಳು.

ಈಗ ಯಾರಾದರೂ ಕೇಳಿದರೆ ಧೈರ್ಯದ ಮಾತೆತ್ತುವುದಿಲ್ಲ. ಅಕ್ಕ ಸಾಕು ಅನ್ನುತ್ತಿದ್ದಳು, ನಾನು ಬಿಡಲಿಲ್ಲ, ಅವಳು ಉಳಿದಳು ಎಂದಷ್ಟೇ ಹೇಳುತ್ತೇನೆ.